ಸೀರೆ, ಅಕ್ಕಿ ಕೊಟ್ಟ ಮೇಲೆ ಏನು?

'ಬಡ ವಿಧವೆಯರಿಗೆ ಏನಾದ್ರೂ ಸಹಾಯ ಮಾಡೋಣ' ಅಂತ ನಾವು ಆಗಾಗ ಮಾತಾಡ್ತೀವಿ. ಹಣ ಕೂಡಿಸಿ ಅಕ್ಕಿ, ಬೇಳೆ, ಸೀರೆ ಕೊಡೋದು ಮೊದಲು ನೆನಪಿಗೆ ಬರುತ್ತೆ. ಅದು ಬೇಕು. ದುಡಿಯೋ ಕೈ ಹೋದ ಮನೆಯಲ್ಲಿ ಮೊದಲ ತಿಂಗಳು ಅಕ್ಕಿಯೇ ದೊಡ್ಡದು. ಆದರೆ ಎರಡನೇ ತಿಂಗಳಿಗೆ ಏನು ಮಾಡೋದು?

ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿ.ಮೀ. ಅಲ್ಲಿಂದಾಚೆ ಕಾಡಂಚಿನ ಒಂದು ಹಳ್ಳಿಯಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬಳ ಗಂಡ ತೀರಿಕೊಂಡ ಅಂತ ಇಟ್ಟುಕೊಳ್ಳೋಣ. ಕಾನೂನಿನ ಪ್ರಕಾರ ಆಕೆಗೆ ಸಿಗಬೇಕಾದದ್ದು ಕಡಿಮೆಯೇನಿಲ್ಲ.

ನಮ್ಮ ರಾಜ್ಯದಲ್ಲಿ 1984ರಿಂದ ನಿರ್ಗತಿಕ ವಿಧವಾ ವೇತನ ಇದೆ. 2021ರಲ್ಲಿ ಅದು ತಿಂಗಳಿಗೆ 800 ರೂಪಾಯಿ ಆಯಿತು. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು, ಅರ್ಜಿ ಕೊಡಬೇಕಾದದ್ದು ನಾಡಕಚೇರಿಯಲ್ಲಿ. ಬಿಪಿಎಲ್ ಮನೆಯ ದುಡಿಯುವ ವ್ಯಕ್ತಿ 18ರಿಂದ 59 ವಯಸ್ಸಿನೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲಕ್ಕೆ 20,000 ರೂಪಾಯಿ ಇದೆ. ಗಂಡನ ಪಾಸ್‌ಬುಕ್‌ನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತ ಆಗಿದೆಯಾ ನೋಡಬೇಕು. ಆಗಿದ್ದರೆ ಅದು ಜೀವನ ಜ್ಯೋತಿ ವಿಮೆ, 2 ಲಕ್ಷದ್ದು. ಇಂಥ ವಿಮೆ ಇದೆ ಅಂತ ಗಂಡ ಮನೆಯಲ್ಲಿ ಹೇಳಿಯೇ ಇರದಿದ್ದರೆ ಕ್ಲೇಮ್ ಕೇಳೋರು ಯಾರು?

ಜಮೀನಿನ ಮಾತೂ ಇದೆ. ಗಂಡ ಉಯಿಲು ಬರೆಯದೆ ಸತ್ತರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಆತನ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಉತಾರದಲ್ಲಿ ಆಕೆಯ ಹೆಸರು ಏರದಿದ್ದರೆ ಆ ಪಾಲು ಬಾಯಿಮಾತಿನಲ್ಲೇ ಉಳಿಯುತ್ತೆ.

ಇವೆಲ್ಲಕ್ಕೂ ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ. 21 ದಿನದೊಳಗೆ ಸಾವು ನೋಂದಾಯಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ತರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಫಸ್ಟ್ ಸೆಮ್ ಬ್ಯಾಕ್‌ಲಾಗ್ ಇದ್ದಂಗೆ. ಅದು ಕ್ಲಿಯರ್ ಆಗದೆ ಮುಂದಿನದು ಯಾವುದೂ ನಡೆಯಲ್ಲ.

ಅದಾದ ಮೇಲೂ ತೊಡಕು ಮುಗಿಯಲ್ಲ. ಖಾನಾಪುರ ಕಡೆ ಎಷ್ಟೋ ಮನೆಗಳ ಮಾತು ಮರಾಠಿ, ಅರ್ಜಿ ಕನ್ನಡದಲ್ಲಿ. ಮದುವೆಯಲ್ಲಿ ಹೆಸರು ಬದಲಿಸುವ ರೂಢಿ ಇದ್ದರೆ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ ಆಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯ ಖಾತೆಗೇ ಹೋಗುತ್ತೆ. ಶಕ್ತಿ ಯೋಜನೆಯಿಂದ ಬಸ್ ಪುಕ್ಕಟೆ ಆಗಿರಬಹುದು, ಆದರೆ ಕಚೇರಿಗೆ ಒಂದು ಸಲ ಬಂದು ಹೋದರೆ ಒಂದು ದಿನದ ಕೂಲಿ ಹೋಯ್ತು. 'ನಾಳೆ ಬರ್ರಿ' ಅಂದರೆ ಎರಡನೇ ದಿನದ್ದೂ ಹೋಯ್ತು. ನಾಲ್ಕನೇ ಸಲಕ್ಕೆ ಆಕೆ ಬರೋದೇ ಬಿಡ್ತಾಳೆ.

ಒಬ್ಬಳೇ ಹೋದರೆ ಕೈಚೆಲ್ಲೋ ಕೆಲಸ ಹತ್ತು ಮಂದಿ ಕೂಡಿ ಹೋದರೆ ಆಗುತ್ತೆ. ಖಾನಾಪುರ ತಾಲೂಕಿನಲ್ಲಿ ಜಾಗೃತಿ ಮಹಿಳಾ ಒಕ್ಕೂಟ ಹಳ್ಳಿಯ ಹೆಣ್ಣುಮಕ್ಕಳನ್ನು ಸಂಘ ಕಟ್ಟಿಸಿ, ಉದ್ಯೋಗ ಖಾತ್ರಿ ಕೆಲಸವನ್ನು ಹಕ್ಕಿನಿಂದ ಕೇಳೋದನ್ನು ಕಲಿಸಿದ್ದು ಈ ದಾರಿಯಲ್ಲೇ. ಸಬಲೀಕರಣ ಅನ್ನೋ ದೊಡ್ಡ ಪದದ ಅರ್ಥ ನಮಗೆ ತಿಳಿದ ಮಟ್ಟಿಗೆ ಇಷ್ಟೇ: ಕೇಳೋ ಧೈರ್ಯ, ಜೊತೆಗೆ ನಿಲ್ಲೋ ಮಂದಿ.

ಹಂಗಾದ್ರೆ ನಾವೇನು ಮಾಡಬಹುದು? ಫಾರ್ಮ್ ತುಂಬೋದು, ಸ್ಕ್ಯಾನ್ ಮಾಡೋದು, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ನೋಡೋದು, ಅರ್ಜಿ ಎಲ್ಲಿ ನಿಂತಿದೆ ಅಂತ ಹುಡುಕೋದು ನಮಗೆ ಕಷ್ಟವಲ್ಲ. ನಮ್ಮಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲವರಿದ್ದಾರೆ. ಓಟಿಪಿ, ಪಾಸ್‌ಬುಕ್ ಮಾತ್ರ ಆಕೆಯ ಕೈಯಲ್ಲೇ ಇರಬೇಕು. ಹೊಲಿಗೆ ಯಂತ್ರ ಕೊಡೋ ಮುಂಚೆ ಆ ಊರಲ್ಲಿ ಹೊಲಿಸೋರು ಎಷ್ಟು ಮಂದಿ ಅಂತ ಆಕೆಯನ್ನೇ ಕೇಳಬೇಕು. ಕಿಟ್ ಕೊಡುವಾಗ ಫೋಟೋ ಬೇಡ.

ಹಾಸ್ಟೆಲ್ ಮೆಸ್‌ನಲ್ಲಿ ಅಡುಗೆ ಮಾಡೋ, ಕಾಲೇಜಿನಲ್ಲಿ ಕಸ ಗುಡಿಸೋ ಅಕ್ಕಂದಿರಲ್ಲೂ ಒಂಟಿಯಾಗಿ ಮನೆ ನಡೆಸೋರು ಇರಬಹುದು. ಅವರು ಬಯಸಿದರೆ ಶುರು ಅಲ್ಲಿಂದಲೇ ಮಾಡೋಣ. 800 ರೂಪಾಯಿ ನಮಗೆ ಒಂದು ವಾರಾಂತ್ಯದ ಖರ್ಚು. ಆಕೆಗೆ ಅದು ಪ್ರತಿ ತಿಂಗಳು ಯಾರ ಮುಂದೆಯೂ ಕೈ ಚಾಚದೆ ಬರುವ ಹಣ.