ಬದು ಮತ್ತು ಏರಿಗಳ ರಕ್ಷಣೆಗೆ ಲಾವಂಚ: ನಾಟಿ ಹಾಗೂ ಪಾಲನೆ

ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಕಡಿಮೆ. ಆದರೆ ಸೆಪ್ಟೆಂಬರ್ ಹಾಗೂ ಅಕ್ಟೋಬರ್ ತಿಂಗಳುಗಳ ಬಿರುಮಳೆಗೆ ಹೊಲದ ಬದು, ಕೃಷಿ ಹೊಂಡ, ಗೋಕಟ್ಟೆ ಮತ್ತು ಕೆರೆ ಏರಿಗಳ ಮಣ್ಣು ಕೊರೆದುಹೋಗುತ್ತದೆ. ಆ ಮಣ್ಣೇ ಕೆರೆಯಂಗಳ ಸೇರಿ ಹೂಳಾಗುತ್ತದೆ. ಇದರಿಂದ ಬದು ದುರಸ್ತಿಗೆ ಒಮ್ಮೆ, ಹೂಳೆತ್ತಲು ಇನ್ನೊಮ್ಮೆ, ಹೀಗೆ ಒಂದೇ ಮಣ್ಣಿಗಾಗಿ ಎರಡು ಬಾರಿ ಸಾರ್ವಜನಿಕ ಹಣ ವ್ಯಯವಾಗುತ್ತದೆ. ಈ ನಷ್ಟವನ್ನು ತಗ್ಗಿಸಲು ಲಾವಂಚದ ಸಾಲು ಅಲ್ಪ ವೆಚ್ಚದ ಉಪಾಯವಾಗಿದೆ.

ಗುಂಡ್ಲುಪೇಟೆ ಭಾಗದ ರೈತರು ತಲೆಮಾರುಗಳಿಂದ ಜಮೀನಿನ ಗಡಿಯಲ್ಲಿ ಈ ಹುಲ್ಲನ್ನು ಬೆಳೆಸಿಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ತಜ್ಞರು ಇದನ್ನು ಮಣ್ಣು ಸಂರಕ್ಷಣೆಗಾಗಿ ಅನೇಕ ದೇಶಗಳಲ್ಲಿ ಪ್ರಚುರಪಡಿಸಿದರು. ಲಾವಂಚದ ಬೇರು ಅನುಕೂಲಕರ ಮಣ್ಣಿನಲ್ಲಿ 3 ಮೀಟರ್‌ವರೆಗೆ ನೇರವಾಗಿ ಇಳಿಯುತ್ತದೆ. ಒತ್ತಾದ ಸಾಲು ಹರಿಯುವ ನೀರಿನ ವೇಗವನ್ನು ತಗ್ಗಿಸಿ ಮಣ್ಣನ್ನು ಮೇಲ್ಭಾಗದಲ್ಲಿಯೇ ತಡೆದು ನಿಲ್ಲಿಸುತ್ತದೆ. ದಕ್ಷಿಣ ಭಾರತದ ತಳಿಯು ಬೀಜದಿಂದ ಹರಡದಿರುವುದರಿಂದ ಹೊಲಕ್ಕೆ ಕಳೆಯಾಗುವ ಭಯವಿಲ್ಲ.

ನಾಟಿ ಕ್ರಮ: ಬಲಿತ ಬುಡವನ್ನು ಬೇರುಸಹಿತ ಸೀಳಿ, 2-3 ತೆಂಡೆಗಳ ಕಂದುಗಳನ್ನಾಗಿ ಮಾಡಬೇಕು. ಗರಿಯನ್ನು ಸುಮಾರು 20 ಸೆಂ.ಮೀ., ಬೇರನ್ನು 10 ಸೆಂ.ಮೀ. ಉಳಿಸಿ ಕತ್ತರಿಸಬೇಕು. ಮಣ್ಣು ಚೆನ್ನಾಗಿ ಹದಗೊಂಡ ನಂತರ, ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿ ರೇಖೆಯಲ್ಲಿ 10 ಸೆಂ.ಮೀ. ಅಂತರದಲ್ಲಿ ನೆಡಬೇಕು. ಈ ಅಂತರದಲ್ಲಿ 100 ಮೀಟರ್ ಸಾಲಿಗೆ ಸುಮಾರು 1,000 ಕಂದುಗಳು ಬೇಕಾಗುತ್ತವೆ.

ಬಿಸಿಲಿನ ಅಗತ್ಯ: ಲಾವಂಚವು ಬರವನ್ನು ತಾಳಬಲ್ಲದು, ನೆರಳನ್ನು ತಾಳಲಾರದು. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಅಡಿಕೆ, ತೆಂಗಿನ ತೋಟಗಳ ಒಳಗೆ ನೆಟ್ಟಲ್ಲಿ ಅದು ಸೊರಗುತ್ತದೆ. ತೋಟದ ಹೊರಬದುವಿನ ಬಯಲು ಸೂಕ್ತ. ಹಿರಿಯೂರು ಭಾಗದ ಏರಿಗಳಲ್ಲಿ ಬಳ್ಳಾರಿ ಜಾಲಿ ಕವಿದಿದ್ದರೆ ಮೊದಲು ಅದನ್ನು ತೆರವುಗೊಳಿಸಬೇಕು. ಕೆರೆಯು ಬೇರೆ ಇಲಾಖೆಯ ಅಧೀನದಲ್ಲಿದ್ದಲ್ಲಿ ಆ ಇಲಾಖೆಯ ಒಪ್ಪಿಗೆ ಪಡೆಯತಕ್ಕದ್ದು.

ಪಾಲನೆ: ಮೊದಲ ವರ್ಷ ಕಳೆ ತೆಗೆಯುವುದು, ಮಳೆ ಕೈಕೊಟ್ಟಾಗ ನೀರುಣಿಸುವುದು ಮತ್ತು ಎಳೆಯ ಗಿಡಗಳನ್ನು ಕುರಿ-ಮೇಕೆಗಳಿಂದ ಕಾಯುವುದು ಅವಶ್ಯ. ಸತ್ತ ಕಂದುಗಳ ಜಾಗದಲ್ಲಿ ಮುಂದಿನ ಮಳೆಗೆ ತಪ್ಪದೆ ಮರುನಾಟಿ ಮಾಡಬೇಕು. ಸಾಲಿನಲ್ಲಿ ಒಂದೇ ಒಂದು ಕಂಡಿ ಉಳಿದರೂ ನೀರು ಅಲ್ಲಿಯೇ ನುಗ್ಗಿ ಕೊರಕಲು ಮಾಡುತ್ತದೆ. ನಂತರದ ವರ್ಷಗಳಲ್ಲಿ ಗರಿಯನ್ನು 30-40 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದರೆ ತೆಂಡೆ ಒತ್ತಾಗುತ್ತದೆ. ಕತ್ತರಿಸಿದ ಗರಿ ಹೊಲಕ್ಕೆ ಮುಚ್ಚಿಗೆಯಾಗುತ್ತದೆ. ಸುವಾಸನೆಯ ಬೇರಿಗೆ ಬೇಡಿಕೆ ಇದ್ದರೂ ಬದುವಿನ ಸಾಲನ್ನು ಅಗೆಯಕೂಡದು. ಬೇರನ್ನು ಕಿತ್ತರೆ ಬದುವೇ ಸಡಿಲಗೊಳ್ಳುತ್ತದೆ.

ಲಾವಂಚವು ಕೋಡಿಗೆ ಬದಲಿಯಲ್ಲ. ಹೆಚ್ಚುವರಿ ನೀರು ಹೊರಹೋಗಲು ದಾರಿಯಿಲ್ಲದ ಏರಿಯನ್ನು ಯಾವ ಹುಲ್ಲೂ ಉಳಿಸಲಾರದು.

ಆದುದರಿಂದ ಸದಸ್ಯರು ಕ್ರಿಯಾ ಯೋಜನೆ ರೂಪಿಸುವಾಗ ನಾಟಿಯ ಜೊತೆಗೆ ಎರಡನೆಯ ವರ್ಷದ ಮರುನಾಟಿ ಮತ್ತು ಪಾಲನೆಯನ್ನೂ ಸೇರಿಸುವುದು ಸೂಕ್ತ. ಕಾಮಗಾರಿಯ ಯಶಸ್ಸನ್ನು ನೆಟ್ಟ ಕಂದುಗಳ ಸಂಖ್ಯೆಯಿಂದಲ್ಲ, ಎರಡು ಮಳೆಗಾಲಗಳ ನಂತರ ಕಂಡಿಯಿಲ್ಲದೆ ನಿಂತಿರುವ ಸಾಲಿನ ಉದ್ದದಿಂದ ಅಳೆಯತಕ್ಕದ್ದು.