ಅಡ್ಡಮಳೆಯ ಮುಂಚಿನ ಬಿರುಗಾಳಿ

ಚೈತ್ರ-ವೈಶಾಖ ಮಾಸಗಳಲ್ಲಿ ರೋಣ, ನರಗುಂದ, ಗಜೇಂದ್ರಗಡ ಸೀಮೆಗಳಲ್ಲಿ ಬೀಳುವ ಅಡ್ಡಮಳೆಯು ಒಕ್ಕಲುತನಕ್ಕೆ ಹಿತಕರವಾದುದು. ಆದರೆ ಅದಕ್ಕೆ ಮುಂದಾಗಿ ಬೀಸುವ ಬಿರುಗಾಳಿಯು ಕೆಲವೇ ನಿಮಿಷಗಳಲ್ಲಿ ತಗಡಿನ ಛಾವಣಿಗಳನ್ನು ಹಾರಿಸಿ, ಮರಗಳನ್ನು ಕೆಡವಿ, ಬಣವೆಗಳನ್ನು ಚೆದರಿಸುತ್ತದೆ. ಜೋಳದ ಕಣಿಕೆಯ ಬಣವೆಯೆಂದರೆ ದನಗಳ ವರ್ಷದ ಮೇವು. ಅದು ಹಾಳಾದಲ್ಲಿ ಒಕ್ಕಲುಮಕ್ಕಳು ಮುಂಗಾರಿನ ಹೊತ್ತಿಗೇ ಮೇವನ್ನು ಕೊಳ್ಳಬೇಕಾಗುವದು.

ಈ ಸೀಮೆಯ ಎರೆಭೂಮಿಯು ಬೇಸಿಗೆಯಲ್ಲಿ ಬಹುಮಟ್ಟಿಗೆ ಬರಿದಾಗಿದ್ದು, ಬಿಸಿಲಿಗೆ ಬಹಳ ಕಾಯುತ್ತದೆ. ನೆಲಕ್ಕೆ ಹತ್ತಿದ ಹವೆಯು ಬಿಸಿಯಾಗಿ ಮೇಲೇರುವದು. ಸಮುದ್ರದ ಕಡೆಯಿಂದ ಬಂದ ತೇವವು ಅದಕ್ಕೆ ಕೂಡಿದಾಗ, ಮಧ್ಯಾಹ್ನದ ತರುವಾಯ ಗೋಪುರದಂತಹ ಕರಿಮೋಡಗಳು ಏಳುತ್ತವೆ. ಮೋಡದಿಂದ ಇಳಿಯುವ ಹನಿಗಳಲ್ಲಿ ಅನೇಕವು ಕೆಳಗಿನ ಒಣಹವೆಯಲ್ಲಿ ಆವಿಯಾಗಿ ಹೋಗುತ್ತವೆ. ಹರವಿಯಿಂದ ಒಸರಿದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪುಗೊಳಿಸುವಂತೆಯೇ ಈ ಹನಿಗಳು ಹವೆಯನ್ನು ತಣಿಸುತ್ತವೆ. ತಣಿದ ಹವೆಯು ಭಾರವಾಗಿ ರಭಸದಿಂದ ಕೆಳಗಿಳಿದು, ನೆಲಕ್ಕೆ ಬಡಿದು, ಸುತ್ತಲೂ ಹರಡುವದು. ಇದೇ ಆ ಬಿರುಗಾಳಿ. ಶಿಕಾಗೋ ವಿಶ್ವವಿದ್ಯಾಲಯದ ಫುಜಿತಾ ಎಂಬ ವಿಜ್ಞಾನಿಯು, ಸುಂಟರಗಾಳಿ ಇಲ್ಲದೆಯೂ ಇಂತಹ ಇಳಿಗಾಳಿಯಿಂದ ಘೋರಹಾನಿಯಾಗುವದೆಂದು ೧೯೭೦ರ ದಶಕದಲ್ಲಿ ತೋರಿಸಿಕೊಟ್ಟನು.

ಆದುದರಿಂದ ಮಳೆ ಕಡಿಮೆಯಾದರೆ ಗಾಳಿಯೂ ಕಡಿಮೆಯೆಂದು ಭಾವಿಸಲಾಗದು. ಮೋಡದ ಕೆಳಗಿನ ಹವೆಯು ಹೆಚ್ಚು ಒಣಗಿದ್ದಷ್ಟೂ ಗಾಳಿಯ ಬಲವು ಹೆಚ್ಚಬಹುದು; ನಾಲ್ಕು ಹನಿ ಉದುರಿಸಿ ಹೋಗುವ ಮೋಡವೂ ಛಾವಣಿಯನ್ನು ಕೀಳಬಲ್ಲದು. ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಮುಂಗಾರಿನ ಗಾಳಿಯು ಪಡುವಣದಿಂದ ದಿನಗಟ್ಟಲೆ ಬೀಸುವಂಥದು. ಇದಾದರೋ ಮೋಡವಿದ್ದ ದಿಕ್ಕಿನಿಂದ ಹಠಾತ್ತಾಗಿ ಎರಗುವಂಥದು.

ದಿನವೆಲ್ಲ ಸೆಕೆ, ಇಳಿಹೊತ್ತಿಗೆ ಬೆಳೆಯುವ ಕರಿಮೋಡ, ದೂರದಲ್ಲಿ ಗೋಡೆಯಂತೆ ಏಳುವ ಧೂಳು, ಇವು ಅದರ ಲಕ್ಷಣಗಳು. ತಣ್ಣನೆಯ ಗಾಳಿಯು ಮೈಗೆ ತಾಕಿದ ಮೇಲೆ ಸಿದ್ಧತೆಗೆ ಸಮಯವುಳಿಯದು.

ಅಂತೆಯೇ ಯುಗಾದಿಗೆ ಮುಂಚಿತವಾಗಿಯೇ ಬಣವೆಗಳ ಮೇಲೆ ಹಗ್ಗ ಹಾಯಿಸಿ, ಹಗ್ಗದ ತುದಿಗಳಿಗೆ ಭಾರವಾದ ಕಲ್ಲುಗಳನ್ನು ಕಟ್ಟಿ ಇಳಿಬಿಡತಕ್ಕದ್ದು. ತಗಡುಗಳ ಮೇಲೆ ಬಿಡಿಕಲ್ಲುಗಳನ್ನಿಡುವ ರೂಢಿಯು ಅಪಾಯಕರ. ತಗಡು ಎದ್ದಾಗ ಕಲ್ಲು ಜನರ ಮೇಲೆ ಬೀಳುವದು. ಅವನ್ನು ಕೊಕ್ಕೆಬೋಲ್ಟುಗಳಿಂದ ತೊಲೆಗೆ ಬಿಗಿಯುವದೇ ಲೇಸು. ಮೋಡ ಕಂಡಾಗ ದನಗಳನ್ನು ಮರದ ಕೆಳಗೆ ಕಟ್ಟಬಾರದು. ಸಿಡಿಲಿನ ಭಯವೂ ಅಲ್ಲಿಯೇ ಹೆಚ್ಚು. ಹರಿದುಬಿದ್ದ ವಿದ್ಯುತ್ತಂತಿಯ ಹತ್ತಿರ ಯಾರೂ ಸುಳಿಯಕೂಡದು.

ಭಾರತ ಹವಾಮಾನ ಇಲಾಖೆಯು ಕೆಲವು ತಾಸು ಮುಂಚಿತವಾಗಿ ಜಿಲ್ಲಾವಾರು ಎಚ್ಚರಿಕೆಯನ್ನು ಕೊಡುತ್ತದೆ. ಅದು ಬಂದೊಡನೆ ಡಂಗುರದಿಂದಾಗಲಿ ಧ್ವನಿವರ್ಧಕದಿಂದಾಗಲಿ ಹೊಲದಲ್ಲಿದ್ದವರಿಗೂ ಮುಟ್ಟುವಂತೆ ಸಾರುವದು ಗ್ರಾಮದ ಪ್ರಮುಖರ ಕರ್ತವ್ಯವು.