ಮನೆಯ ಬಾಡಿಗೆ, ಮನೆಯ ಅಡ್ವಾನ್ಸ್

ಬೆಂಗಳೂರಿನ ಹೊರವಲಯದಲ್ಲಿ ಯಾವ ದಿಕ್ಕಿಗೆ ಹೊರಟರೂ ಒಂದಲ್ಲ ಒಂದು ಹೋರ್ಡಿಂಗ್ ‘ಹಸಿರು ಮನೆ’ ಮಾರುತ್ತಿರುತ್ತದೆ. ಚಾವಣಿಯಲ್ಲಿ ಸೋಲಾರ್, ಮೆಟ್ಟಿಲಿಗೆ ಎಲ್‌ಇಡಿ, ಬಾಲ್ಕನಿಯಲ್ಲಿ ಒಂದೆರಡು ಬಳ್ಳಿ. ಅದನ್ನು ನೋಡಿದ ಮಲೆನಾಡಿನವರಿಗೆ ಸಹಜವಾಗಿ ಏಳುವ ಪ್ರಶ್ನೆ: ಊರಿನ ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮನೆಗೆ ಯಾವ ಸರ್ಟಿಫಿಕೇಟೂ ಇಲ್ಲವಲ್ಲ, ಹಾಗಾದರೆ ಅದು ಹಸಿರಲ್ಲವೆ?

ಲೆಕ್ಕವನ್ನು ಎಲ್ಲಿಂದ ಶುರುಮಾಡುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. ಬೀಗದ ಕೈ ಸಿಕ್ಕ ದಿನದಿಂದಲೋ, ಇಟ್ಟಿಗೆ ಗೂಡಿಗೆ ಬೆಂಕಿ ಕೊಟ್ಟ ದಿನದಿಂದಲೋ?

ಇದು ಬೆಂಗಳೂರಿನ ಬಾಡಿಗೆದಾರರಿಗೆ ಬೇಗ ಅರ್ಥವಾಗುವ ವಿಷಯ. ತಿಂಗಳ ಬಾಡಿಗೆ ಒಂದು, ಮನೆಗೆ ಕಾಲಿಡುವ ಮೊದಲೇ ಎಣಿಸಿಕೊಡಬೇಕಾದ ಅಡ್ವಾನ್ಸ್ ಇನ್ನೊಂದು. ಫ್ಯಾನು, ಫ್ರಿಜ್ಜು, ಗೀಸರು ತಿನ್ನುವ ವಿದ್ಯುತ್ತು ಬಾಡಿಗೆಯ ಹಾಗೆ, ತಿಂಗಳು ತಿಂಗಳೂ ಹೋಗುತ್ತದೆ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಸಿಮೆಂಟ್ ಮಾಡಿದ್ದು, ಅದಿರು ಕರಗಿಸಿ ಕಂಬಿ ಎಳೆದದ್ದು, ಗೂಡಿನಲ್ಲಿ ಇಟ್ಟಿಗೆ ಬೇಯಿಸಿದ್ದು, ಎಲ್ಲವನ್ನೂ ಲಾರಿಯಲ್ಲಿ ಹೊತ್ತು ತಂದದ್ದು ಅಡ್ವಾನ್ಸ್. ವಿಜ್ಞಾನಿಗಳು ಇದನ್ನು ‘ಅಂತರ್ಗತ ಶಕ್ತಿ’ ಎನ್ನುತ್ತಾರೆ. ಮನೆ ಮಾಲೀಕರಾದರೋ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳದ್ದು ಮುರಿದುಕೊಂಡು ಉಳಿದ ಅಡ್ವಾನ್ಸ್ ವಾಪಸು ಕೊಡುತ್ತಾರೆ. ಇಲ್ಲಿ ಹೆಚ್ಚುಕಮ್ಮಿ ಪೂರ್ತಿ ಪೇಂಟಿಂಗಿಗೇ ವಜಾ.

ಈ ಅಡ್ವಾನ್ಸ್ ಎಷ್ಟೆಂದು ಎಣಿಸಿದವರು ನಮ್ಮೂರಿನವರೇ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ವಿಜ್ಞಾನ ಹಳ್ಳಿಗೆ ಹೋಗಬೇಕೆಂಬ ಹಟ ಅವರದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಪ್ರಯೋಗಗಳು ನಡೆದವು. ‘ಅಸ್ತ್ರ’ದಲ್ಲಿದ್ದ ಸಿವಿಲ್ ಎಂಜಿನಿಯರ್ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಹಿಡಿದದ್ದು ಮಣ್ಣನ್ನು. ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುವ ಬ್ಲಾಕ್ ಅದು. ಬ್ಲಾಕನ್ನು ಸುಡುವ ಮಾತೇ ಇಲ್ಲ.

2003ರಲ್ಲಿ ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಬೆಂಗಳೂರಿನ ನಿಜವಾದ ಕಟ್ಟಡಗಳ ಜಾತಕ ಬಿಡಿಸಿ ಒಂದು ಪ್ರಬಂಧ ಪ್ರಕಟಿಸಿದರು. ಕಾಂಕ್ರೀಟ್ ಕಂಬ-ತೊಲೆಗಳ ಎಂಟು ಅಂತಸ್ತಿನ ಕಟ್ಟಡದಲ್ಲಿ ಪ್ರತಿ ಚದರ ಮೀಟರಿಗೆ 4.21 ಗಿಗಾಜೂಲ್ ಹೂತುಹೋಗಿತ್ತು. ಸುಟ್ಟ ಇಟ್ಟಿಗೆಯ ಗೋಡೆಗಳೇ ಭಾರ ಹೊತ್ತ ಎರಡು ಅಂತಸ್ತಿನ ಮನೆಯಲ್ಲಿ 2.92. ಮಣ್ಣಿನ ಬ್ಲಾಕ್ ಗೋಡೆಯ, ತಾರಸಿಯಲ್ಲೂ ಕಾಂಕ್ರೀಟ್ ಉಳಿತಾಯ ಮಾಡಿದ ಮನೆಯಲ್ಲಿ ಬರೇ 1.61.

ಸಾಮಗ್ರಿಗಳ ಪಟ್ಟಿ ಇನ್ನೂ ಸ್ವಾರಸ್ಯದ್ದು. ಆ ಲೆಕ್ಕದಲ್ಲಿ ಒಂದು ಕಿಲೋ ಸಿಮೆಂಟಿಗೆ 5.85 ಮೆಗಾಜೂಲ್, ಉಕ್ಕಿಗೆ 42, ಅಲ್ಯೂಮಿನಿಯಂಗೆ ಸುಮಾರು 237. ಅಂದರೆ ಒಂದು ಕಿಲೋ ಅಲ್ಯೂಮಿನಿಯಂ ಕಿಟಕಿ ಚೌಕಟ್ಟು 40 ಕಿಲೋ ಸಿಮೆಂಟಿಗೆ ಸಮ! ಮನೆ ಕಟ್ಟಿಸುವವರು ಸಿಮೆಂಟ್ ಮೂಟೆ ಎಣಿಸುತ್ತಾ ಕೂರುತ್ತಾರೆ; ಜಾರುವ ಕಿಟಕಿ ಸದ್ದಿಲ್ಲದೆ ಒಳಗೆ ಬರುತ್ತದೆ.

ಈಗ ಅಡ್ವಾನ್ಸನ್ನು ಬಾಡಿಗೆಯ ಪಕ್ಕ ಇಟ್ಟು ನೋಡೋಣ. ಸಾವಿರ ಚದರಡಿಯ, ಅಂದರೆ 93 ಚದರ ಮೀಟರಿನ ಮನೆ; ತಿಂಗಳಿಗೆ 100 ಯೂನಿಟ್ ಖರ್ಚು. ಅಷ್ಟೂ ವಿದ್ಯುತ್ತು ಕಲ್ಲಿದ್ದಲಿನದೇ ಎಂದು ಇಟ್ಟುಕೊಂಡರೆ, ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲು ಶಾಖ ಸುಡಬೇಕು. ವರ್ಷಕ್ಕೆ ಸುಮಾರು 13 ಗಿಗಾಜೂಲ್ ಆಯಿತು. ಇಟ್ಟಿಗೆ ಮನೆಯ ಅಡ್ವಾನ್ಸ್ 271 ಗಿಗಾಜೂಲ್: ಮನೆ ಮಾಲೀಕರು ಕೇಳುವ ಹತ್ತು ತಿಂಗಳದ್ದಲ್ಲ, 21 ವರ್ಷದ ಬಾಡಿಗೆ! ಎಂಟು ಅಂತಸ್ತಿನ ಕಟ್ಟಡದ ಫ್ಲ್ಯಾಟಿನದು 30 ವರ್ಷದ್ದು. ಮಣ್ಣಿನ ಬ್ಲಾಕಿನದು ಹನ್ನೊಂದೂವರೆ ವರ್ಷದ್ದು. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಈ ಅಂಕಿ ಕದಲುವುದಿಲ್ಲ.

ಬಾಡಿಗೆ ಇಷ್ಟು ಕಡಿಮೆಯಿರುವುದು ಬೆಂಗಳೂರಿನ ಹವೆಯ ಮಹಿಮೆಯೂ ಹೌದು. ಕಟ್ಟಡಗಳಿಗೆ ಹಸಿರು ಅಂಕ ಕೊಡುವ ಪರಿಪಾಟಿ ಬ್ರಿಟನ್ನಿನಲ್ಲಿ 1990ರ ‘ಬ್ರೀಮ್’ನಿಂದ ಬೆಳೆಯಿತು. ಆರು ತಿಂಗಳು ಮನೆ ಬೆಚ್ಚಗಿಡಬೇಕಾದ ಊರಲ್ಲಿ ಬಾಡಿಗೆಯದೇ ಚಿಂತೆ; ಅಡ್ವಾನ್ಸ್ ಲೆಕ್ಕಕ್ಕೆ ಬರದಿದ್ದರೂ ನಡೆಯುತ್ತಿತ್ತು. ನಮ್ಮಲ್ಲಿ 2018ರಲ್ಲಿ ಬಂದ ‘ಇಕೋ-ನಿವಾಸ್ ಸಂಹಿತಾ’ ಕೂಡ ಮೊದಲು ಕೈಹಾಕಿದ್ದು ಹೊರಮೈಯಿಂದ ಒಳನುಗ್ಗುವ ಬಿಸಿಗೆ. ಅದು ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು. ಕಲಬುರಗಿ, ರಾಯಚೂರಿಗೆ ಇದು ಬೇಕೇಬೇಕು. ಏಸಿಯೇ ಹಾಕದ ಬಸವನಗುಡಿಯ ಮನೆಗೆ ಅದರಿಂದ ಎಷ್ಟು ಉಳಿತಾಯ? ‘ಗೃಹ’, ‘ಐಜಿಬಿಸಿ’ ರೇಟಿಂಗ್‌ಗಳಲ್ಲಿ ಸಾಮಗ್ರಿಗೂ ಅಂಕಗಳುಂಟು. ಆದರೆ ನೀರಿಗೆ, ಕಸಕ್ಕೆ, ಗಿಡಕ್ಕೆ ಸಿಕ್ಕ ಅಂಕಗಳ ಜೊತೆ ಕಲಸಿಹೋದ ಮೇಲೆ, ನಕ್ಷತ್ರ ಎಣಿಸುವವರಿಗೆ ಗೋಡೆಯೊಳಗಿನ ಬೆಂಕಿ ಕಾಣುವುದು ಕಷ್ಟ.

ಹಾಗೆಂದು ಎಂಟು ಅಂತಸ್ತನ್ನು ಬರೇ ಗೋಡೆಯ ಬಲದ ಮೇಲೆ ಮಣ್ಣಿನ ಬ್ಲಾಕಿನಲ್ಲಿ ಏರಿಸಲಾಗದು. ಎರಡು, ಮೂರಕ್ಕೆ ನಿಲ್ಲಬೇಕು. ಮಲೆನಾಡಿನ ಮನೆಯ ಹೆಂಚು ಕೂಡ ಗೂಡಿನಲ್ಲಿ ಬೆಂದದ್ದೇ, ತೊಲೆ ಕಾಡಿನಿಂದ ಬಂದದ್ದೇ. ಆದರೆ ಅದರ ಗೋಡೆ ಬೆಂಕಿ ಕಂಡಿಲ್ಲ. ಅಡ್ವಾನ್ಸಿನ ಮಟ್ಟಿಗೆ ಹೋರ್ಡಿಂಗಿನ ಫ್ಲ್ಯಾಟು ಅದರ ಹತ್ತಿರಕ್ಕೂ ಸುಳಿಯದು.

ಇಷ್ಟು ಅಡ್ವಾನ್ಸ್ ಕೊಟ್ಟ ಮನೆ ನೂರು ವರ್ಷ ನಿಂತರೆ ಹೇಗೋ ಹಂಚಿಹೋದೀತು. ಆದರೆ ಮಲ್ಲೇಶ್ವರ, ಜಯನಗರಗಳಲ್ಲಿ ಮೂವತ್ತು ನಲವತ್ತು ವರ್ಷದ ಗಟ್ಟಿಮುಟ್ಟು ಮನೆಗಳನ್ನೂ ಅಪಾರ್ಟ್‌ಮೆಂಟಿಗಾಗಿ ಕೆಡವುತ್ತಾರೆ. ತೇಗದ ಬಾಗಿಲು ಹಳೇ ಮರದ ಅಂಗಡಿ ಸೇರುತ್ತದೆ, ಕಂಬಿ ಗುಜರಿಗೆ ಹೋಗುತ್ತದೆ. ಹಿಂದೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯಾದರೆ ಇಟ್ಟಿಗೆಗಳನ್ನು ಬಿಡಿಸಿ, ಕೆರೆದು, ಇನ್ನೊಂದು ಮನೆಗೆ ಹಾಕಬಹುದಿತ್ತು. ಸಿಮೆಂಟ್ ಗಾರೆ ಇಟ್ಟಿಗೆಗಿಂತ ಗಟ್ಟಿ. ಬಿಡಿಸಲು ಹೋದರೆ ಇಟ್ಟಿಗೆಯೇ ಒಡೆಯುತ್ತದೆ, ಲಾರಿಗೆ ತುಂಬಿದ್ದೆಲ್ಲ ಡೆಬ್ರಿಸ್.